ಖರೀದೈನ ಸೀರೆಗಳು

ಅಪೂರ್ವಳ ಚಿಗವ್ವ ಜಯಮ್ಮ ಇಳಕಲ್ಲಿನಲ್ಲಿ ನೂಲಿಗೆ ನೀಲಿ ಬಣ್ಣ ಹಾಕುವ ಒಂದು ಬಾನಿಯನ್ನು ಸಾಕುತ್ತಿದ್ದಳು. ಸಾಕುವುದೆಂದೇ ಹೇಳಬೇಕು. ಗಿಡದಿಂದ ತೆಗೆದ ಆ ನೀಲಿಯು ಸುಣ್ಣ, ಬೆಲ್ಲ ತಿಂದು ಹುಳಿಯುತ್ತ ಬದುಕಿರುತ್ತದೆ. ಸ್ವಲ್ಪ ಮರೆತರೆ ಮುನಿಸಿಕೊಂಡು ಸತ್ತೇ ಹೋಗುತ್ತದೆ. ಆ ಬಾನಿಯಲ್ಲಿ ಅದ್ದಿದ ನೂಲಿನ ಸೀರೆ ಹತ್ತಾರು ವರ್ಷ ಬಾಳುತ್ತದೆ, ಬಾನಿಯ ನೀರು ಹಳ್ಳಕ್ಕೆ ಹರಿದರೂ ಮೀನು ಸಾಯುವುದಿಲ್ಲ. ಎಲ್ಲ ಒಳ್ಳೆಯದೇ. ಕೊಳ್ಳುವವರು ಮಾತ್ರ ಇಲ್ಲ.

“ನಾ ಕಳಿಸಿದ ಈ ಸೀರಿ ಗಂಟು ಖಾಲಿ ಆಗಲಿಲ್ಲಂದ್ರ ಬಾನಿ ಬೋರಲ ಹಾಕಿಬಿಡ್ತೀನಿ ನೋಡವ್ವಾ. ಪಾಕೀಟಿನ ಕೆಮಿಕಲ್ ಬಣ್ಣ ತಂದು ಊರ ಮಂದಿ ಹಂಗ ನಾನೂ ಬದುಕ್ತೀನಿ” ಎಂದು ಜಯಮ್ಮ ಫೋನಿನಲ್ಲಿ ಹೇಳಿದಾಗ ಅಪೂರ್ವ ಅದನ್ನು ಮಾರುವ ಹೊಣೆ ಹೊತ್ತಳು. ತಾಯಿಯಿಲ್ಲದ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಮೊಣಕೈವರೆಗೆ ನೀಲಿಯಾಗಿದ್ದ ಆ ಕೈಗಳೇ. ಚಿಗವ್ವ ಸುಮ್ಮನೆ ಹೆದರಿಸುವವಳಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಅಪೂರ್ವಳ ಗಂಡ ಪೃಥ್ವೀರಾಜ್ ನೌಕಾಪಡೆಯವನು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅವರ ಬಾಡಿಗೆ ಮನೆ. ಅಲ್ಲಿಯ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ನಡೆದ ಸೀರೆ ಮಾರಾಟದಲ್ಲಿ ಅವಳು ಗಂಟು ಬಿಚ್ಚಿದಳು. ಹಳ್ಳದ ನೀರು, ಮೀನು, ನೇಕಾರರ ಹೊಟ್ಟೆಪಾಡು, ಯಾವುದನ್ನೂ ಬಿಡದೆ ತನ್ನ ಹರುಕುಮುರುಕು ತೆಲುಗಿನಲ್ಲಿ ವಿವರಿಸಿದಳು. ಹೆಂಗಸರು ಭಕ್ತಿಯಿಂದ ತಲೆದೂಗಿದರು, ‘ಚಾಲಾ ಮಂಚಿ ಪನಿ’, ಬಹಳ ಒಳ್ಳೆ ಕೆಲಸ ಎಂದು ಹೊಗಳಿದರು, ಆಮೇಲೆ ಪಕ್ಕದ ಮೇಜಿನಲ್ಲಿ ಒಂದಕ್ಕೊಂದು ಉಚಿತವಿದ್ದ ಪಾಲಿಯೆಸ್ಟರ್ ಸೀರೆ ಕೊಂಡು ಮನೆಗೆ ಹೋದರು. “ದಲ್ಲಾಳಿ ಮಾಲಿರಬೇಕು” ಎಂದು ಒಬ್ಬಾಕೆ ಪಿಸುಗುಟ್ಟಿದ್ದೂ ಅಪೂರ್ವಳ ಕಿವಿಗೆ ಬಿತ್ತು.

“ನೀ ಸೀರಿ ಮಾರಾಕ ಹೋಗಿದ್ದೇನು, ಸಾಲಿ ಕಲಿಸಾಕ ಹೋಗಿದ್ದೇನು?” ಎಂದು ಪೃಥ್ವೀರಾಜ್ ನಕ್ಕ. ಅವಳಿಗೆ ನಗು ಬರಲಿಲ್ಲ. ಒಳ್ಳೆಯದು ಅಂತ ಒಪ್ಪಿಕೊಂಡೂ ಜನ ಯಾಕೆ ಕೊಳ್ಳುವುದಿಲ್ಲ? ಆ ಪ್ರಶ್ನೆ ಅವಳ ತಲೆ ತಿನ್ನತೊಡಗಿತು.

ಉಳಿದ ಒಂದೇ ದಾರಿ ವಿಜಯವಾಡ. ಅಲ್ಲಿಯ ಪಟಮಟ ಬಡಾವಣೆಯ ಕಲ್ಯಾಣಮಂಟಪವೊಂದರಲ್ಲಿ ಮಾರಾಟ ಮೇಳವಿತ್ತು. ಈ ಸಲ ಭಾಷಣ ಬೇಡ, ದಲ್ಲಾಳಿ ಎಂಬ ಅನುಮಾನ ಕಳೆದರೆ ಸಾಕು, ಇವು ನೇಕಾರರಿಂದಲೇ ಖರೀದಿಯಾದ ಸೀರೆಗಳು ಎಂದು ಒಂದು ಫಲಕ ಬರೆದರಾಯಿತು ಅಂದುಕೊಂಡಳು. ತೆಲುಗು ಅಕ್ಷರವೆಂದರೆ ನಮ್ಮ ಅಕ್ಷರದ ತಲೆಕಟ್ಟು ತುಸು ತಿದ್ದಿದಂತೆ, ಅದೇನು ಮಹಾ! ನಮ್ಮ ‘ಆದ’ ಅವರಲ್ಲಿ ‘ಐನ’. ಪೇಟೆಯಲ್ಲಿ ‘ಖರೀದೈನ’ ಎಂಬ ಮಾತನ್ನು ಅವಳೇ ಎಷ್ಟೋ ಸಲ ಕೇಳಿದ್ದಳು. ರಟ್ಟಿನ ಮೇಲೆ ದಪ್ಪಗೆ ಬರೆದಳು: ‘ಖರೀದೈನ ಚೀರಲು’, ಅಂದರೆ ಖರೀದಿಯಾದ ಸೀರೆಗಳು.

ಮೇಳ ತೆರೆಯುತ್ತಲೇ ವಿಚಿತ್ರ ನಡೆಯಿತು. ಹಾದು ಹೋಗುವ ಹೆಂಗಸರು ಫಲಕ ಓದಿ ನಿಲ್ಲುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿ ಒಳಗೆ ಬರುತ್ತಿದ್ದರು. ಸೀರೆಯನ್ನು ಎಳೆದಾಡದೆ, ಮಗುವಿನ ಕೆನ್ನೆ ಸವರುವಂತೆ ಮೆಲ್ಲಗೆ ಮುಟ್ಟುತ್ತಿದ್ದರು. ಯಾರೂ ಚೌಕಾಸಿ ಮಾಡಲಿಲ್ಲ. ಒಂದೆರಡು ಸೀರೆ ಹೋದವು. ಅಪೂರ್ವಳಿಗೆ ಖುಷಿಗಿಂತ ಅಚ್ಚರಿಯೇ ಹೆಚ್ಚಾಯಿತು.

ಪಕ್ಕದ ಮೇಜಿನಲ್ಲಿ ಗೋಂಗುರ ಉಪ್ಪಿನಕಾಯಿ ಮಾರುತ್ತಿದ್ದ ಫಣಿಗೆ ಇನ್ನು ತಡೆಯಲಾಗಲಿಲ್ಲ. ಬಳ್ಳಾರಿಯಲ್ಲಿ ವ್ಯಾಪಾರ ಮಾಡಿ ಕನ್ನಡ ಕಲಿತಿದ್ದವನು. “ಮೇಡಂಗಾರೂ, ಖರೀದು ಅಂದ್ರೆ ನಿಮ್ಮ ಖರೀದಿ ಅಲ್ಲಂಡೀ. ರೇಟು! ಖರೀದೈನ ಅಂದ್ರೆ ಬಲು ದುಬಾರಿ. ನಮ್ಮ ಸೀರೆ ದುಬಾರಿ ಅಂತ ನೀವೇ ಬೋರ್ಡು ಹಾಕಿದ್ದೀರ ಕದಾ!”

ಅಪೂರ್ವಳ ಮುಖ ಕೆಂಪೇರಿತು. ಫಲಕ ಕಿತ್ತು ಹಾಕಲು ಕೈ ಚಾಚಿದಳು. ಅಷ್ಟರಲ್ಲಿ ವಜ್ರದ ಮೂಗುತಿಯ ಹೆಂಗಸೊಬ್ಬರು ತಮ್ಮ ವಾರಗಿತ್ತಿಯೊಂದಿಗೆ ಎದುರು ಬಂದು ನಿಂತರು. ಇವರು ಕನಕದುರ್ಗ ಗಾರು, ದೊಡ್ಡ ಮನೆಯವರು ಎಂದು ಫಣಿ ಕಣ್ಣಲ್ಲೇ ಎಚ್ಚರಿಸಿದ.

“ಯಾಕಮ್ಮಾ ಇಷ್ಟು ಖರೀದು?” ಎಂದು ಕನಕದುರ್ಗ ತೆಲುಗಿನಲ್ಲಿ ಕೇಳಿದರು. ಬೆಲೆ ಇಳಿಸುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ.

ಅಪೂರ್ವ ಅದೇ ಹಳ್ಳ, ಅದೇ ಮೀನು, ಅದೇ ನೇಕಾರರ ಕೂಲಿಯ ಮಾತನ್ನೇ ಹೇಳಿದಳು. ವಿಶಾಖಪಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಆದರೆ ಇಬ್ಬರೂ ಕಣ್ಣು ಮಿಟುಕಿಸದೆ ಕೇಳಿದರು. ಅಲ್ಲಿ ಅದು ಯಾರೂ ಕೇಳದ ಬುದ್ಧಿಮಾತಾಗಿತ್ತು, ಇಲ್ಲಿ ಕೇಳಿದ್ದಕ್ಕೆ ಉತ್ತರ. ಇಷ್ಟು ದಿನ ತಲೆ ತಿಂದ ಪ್ರಶ್ನೆಯ ಒಂದು ತುದಿ ಅವಳ ಕೈಗೆ ಸಿಕ್ಕಿತು. ಅವಳು ಫಲಕವನ್ನು ಹಾಗೇ ಬಿಟ್ಟಳು.

ಬರುವ ತಿಂಗಳು ಮಗನ ಮದುವೆ, ಮನೆಯ ಹೆಂಗಸರಿಗೆಲ್ಲ ಇಂಥದೇ ಬೇಕು, ಆದರೆ ಮದುವೆಗೆಂದೇ ಹೊಸದಾಗಿ ಬಣ್ಣ ಹಾಕಿ ನೇಯ್ದದ್ದು ಎಂದರು ಕನಕದುರ್ಗ. ಅಪೂರ್ವ ಅಲ್ಲೇ ನಿಂತು ಇಳಕಲ್ಲಿಗೆ ಫೋನು ಹಚ್ಚಿದಳು.

“ಒಂದ ತಿಂಗಳದಾಗ ಅಷ್ಟು ಸೀರಿ? ಬಾನಿ ಏನ ನನ್ನ ಮಾತ ಕೇಳತೈತೇನು?” ಎಂದಳು ಜಯಮ್ಮ. ಆಮೇಲೆ ದನಿ ತಗ್ಗಿಸಿದಳು. “ಪಾಕೀಟಿನ ಬಣ್ಣ ಆದ್ರ ಆಗತೈತಿ. ಅಷ್ಟು ದೂರದಾಗ ಯಾರಿಗೆ ತಿಳೀತೈತಿ ಅಪೂರ್ವಾ? ಹ್ಞೂಂ ಅನ್ನು.”

ಹ್ಞೂಂ ಅನ್ನಲು ಅಪೂರ್ವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಗಂಟೇನು, ಮನೆಯೇ ತುಂಬುವಷ್ಟು ವ್ಯಾಪಾರ. ಆದರೆ ಈಗಷ್ಟೇ ಅದೇ ಬಾಯಲ್ಲಿ ಹಳ್ಳದ ಮೀನಿನ ಕಥೆ ಹೇಳಿದ್ದಳು, ನಾಲಿಗೆ ಹೊರಳಲಿಲ್ಲ. ಫೋನು ಕೈಯಲ್ಲಿ ಹಿಡಿದೇ ಕನಕದುರ್ಗ ಅವರಿಗೆ ನಿಜ ಹೇಳಿದಳು. ಅಷ್ಟು ಸೀರೆ ಆಗುವುದಿಲ್ಲ. ಮದುವೆಯ ಹೊತ್ತಿಗೆ ಒಂದೇ ಒಂದು ಆದೀತು. ಬಾನಿ ಅವಸರ ಕೇಳುವುದಿಲ್ಲ.

ಹೋಯಿತು ಅಂದುಕೊಂಡಳು. ಕನಕದುರ್ಗರ ಮುಖ ಒಂದು ಕ್ಷಣ ಬಾಡಿತು, ಮರುಕ್ಷಣ ಅರಳಿತು. “ಅಂದರೆ ಮದುವೆಯಲ್ಲಿ ನನ್ನೊಬ್ಬಳ ಮೈಮೇಲೇ ಇರುತ್ತೆ ಅನ್ನು!”

ಈವರೆಗೆ ಬಾಯಿ ಬಿಡದಿದ್ದ ವಾರಗಿತ್ತಿ ಈಗ ಮುಂದೆ ಬಂದರು. ಮುಂಗಡದ ನೋಟುಗಳನ್ನು ಮೇಜಿನ ಮೇಲಿಟ್ಟು, ಕನಕದುರ್ಗರ ಮುಖ ನೋಡುತ್ತಲೇ ಗಟ್ಟಿಯಾಗಿ ಅಂದರು. “ನಾಕು ತೊಂದರ ಲೇದಮ್ಮಾ. ನಿದಾನಂಗಾ ಚೇಯಮನು. ಮಾ ಅಕ್ಕ ಚೀರಕನ್ನಾ ನಿದಾನಂಗಾ!” ತನಗೆ ಅವಸರವಿಲ್ಲ, ತನ್ನ ಸೀರೆ ಅಕ್ಕನ ಸೀರೆಗಿಂತಲೂ ನಿಧಾನವಾಗಿ ಆಗಲಿ ಎಂದು. ಪಕ್ಕದಲ್ಲಿ ನಿಂತಿದ್ದ ಇನ್ನಿಬ್ಬರು ತಮಗೂ ಒಂದೊಂದು ನಿಧಾನದ ಸೀರೆ ಬೇಕೆಂದು ಹೆಸರು ಹೇಳಿದರು. ಇದು ಪುಣ್ಯವೋ ಜಂಬವೋ ಅಪೂರ್ವಳಿಗೆ ತಿಳಿಯಲಿಲ್ಲ. ಖುಷಿಯಂತೂ ಉಕ್ಕಿ ಬಂತು.

ಫೋನು ಇನ್ನೂ ಕತ್ತರಿಸಿರಲಿಲ್ಲ. ಕಿವಿಗೆ ಹಿಡಿದರೆ ಆ ಕಡೆ ಜಯಮ್ಮನ ಉಸಿರು ಕೇಳಿಸಿತು.

“ಅಪೂರ್ವಾ, ಅಕಿ ನಿಧಾನ ಅಂದಳೇನು? ನನಗ ಹಂಗ ಕೇಳಿಸ್ತು.”

“ಹೌದ ಚಿಗವ್ವ. ನಿಧಾನ ಮಾಡ್ರಿ ಅಂದ್ರು.”

ಆ ಕಡೆ ಜಯಮ್ಮ ಮೂಗು ಒರೆಸಿಕೊಂಡ ಸದ್ದಾಯಿತು.

“ಈ ವಯಸ್ಸಿನ ತನಕ ಎಲ್ಲಾರೂ ಲಗೂ ಮಾಡು, ಲಗೂ ಮಾಡು ಅಂದ್ರವ್ವಾ. ಹಿಂಗ ಅಂದಾಕಿ ಇಕಿ ಒಬ್ಬಾಕಿ.”