ಬಿಳಿ ಡಬ್ಬಿ, ಕರಿ ಡಬ್ಬಿ

ನನ್ನ ತಂಗಿಗೆ ಬಾಯಿ ಜಾಸ್ತಿ. ದಿನಾ ಸಂಜೆ ನಾವಿಬ್ಬರೂ ಫೋನಿನಲ್ಲಿ ಚೆಸ್ ಆಡುತ್ತೇವೆ, ಅವಳು ಅವಳ ಮನೆಯಲ್ಲಿ ಕೂತು, ನಾನು ಮಗನ ಮನೆಯಲ್ಲಿ ಕೂತು. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ನಮ್ಮ ಮನೆಯ ಇಂಟರ್ನೆಟ್ ಕಟ್ಟಾಗುತ್ತದೆ. ಆಟದ ಮಧ್ಯೆ ಲೈನು ಹೋದವರು ಸೋತಂತೆ ಲೆಕ್ಕ. "ಅಕ್ಕ ಸೋಲೋ ಹೊತ್ತಿಗೆ ಎದ್ದು ಓಡ್ತಾಳೆ" ಎಂದು ಅವಳು ನೆಂಟರಿಗೆಲ್ಲ ಡಂಗುರ ಸಾರಿದ್ದಾಳೆ. ಲೈನು ಹೋಗುವ ಕಾರಣ ಹೇಳಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಒಂದೇ ಒಂದು ಆಟ ಪೂರ್ತಿ ಆಡಿ ಅವಳ ಬಾಯಿ ಮುಚ್ಚಿಸಬೇಕು, ನನಗೆ ಬೇರೇನೂ ಬೇಡ.

ಕಟ್ ಮಾಡುವವನು ನನ್ನ ಹೊಟ್ಟೆಯಲ್ಲೇ ಹುಟ್ಟಿದವನು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲಿ ಸೀಟಿ ಊದುವುದೊಂದು ಬಾಕಿ. ನಮ್ಮ ಬೀದಿಗೆ ಇಂಟರ್ನೆಟ್ಟಿನ ಕೇಬಲ್ ಬಂದಿಲ್ಲ, ಹಾಗಾಗಿ ಫೋನ್ ಕಂಪನಿಯವರು ಸಿಮ್ ಹಾಕಿದ ಬಿಳಿ ಡಬ್ಬಿಯೊಂದನ್ನು ಕೊಟ್ಟಿದ್ದರು. ಅದಕ್ಕೆ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಉಳಿದ ಕಡೆ ಫೋನಿಗೂ ಸಿಗ್ನಲ್ ಇಲ್ಲ. ಇದು ಸಾಲದೆಂದು ಮಗ ತನ್ನದೇ ರೌಟರ್ ತಂದ. ನಾಲ್ಕು ಕೊಂಬಿನ ಕರಿ ಡಬ್ಬಿ. ಬಿಳಿಯದರಿಂದ ವೈರು ಎಳೆದು ಅದನ್ನು ಹಾಲಿನಲ್ಲಿ ಕೂರಿಸಿದ.

"ಇನ್ಮೇಲೆ ಎಲ್ರೂ ಇದರ ವೈಫೈನೇ ಹಾಕ್ಕೋಬೇಕು. ಊಟದ ಹೊತ್ತಿಗೆ ತಾನಾಗೇ ಬಂದ್ ಆಗುತ್ತೆ. ಮಾತಾಡ್ಕೊಂಡು ಉಣ್ಣೋಣ" ಎಂದ.

"ನನ್ನ ಆಟ ಮುಗಿಯೋ ತನಕನಾದ್ರೂ ಬಿಡೋ."

"ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ ಅಮ್ಮಾ."

ಮಾತಾಡಿಕೊಂಡು ಉಣ್ಣುವುದಂತೆ! ತಟ್ಟೆ ಮುಂದೆ ಕೂತ ಕೂಡಲೇ ಇವನಿಗೆ ಹೊಟ್ಟೆ ಸರಿಯಿರುವುದಿಲ್ಲ, ಎದ್ದು ಬಚ್ಚಲು ಸೇರುತ್ತಾನೆ. ಸೊಸೆ ತಲೆ ತಗ್ಗಿಸಿ ಮಡಿಲು ನೋಡುತ್ತ ಒಬ್ಬಳೇ ನಗುತ್ತಾಳೆ. ಮೊನ್ನೆ ನಾನು, "ಮಡಿಲಲ್ಲಿ ಅಂಥದ್ದೇನಮ್ಮಾ ಇದೆ?" ಎಂದದ್ದೇ ತಡ, ಅವಳ ಫೋನು ನೆಲಕ್ಕೆ ಬಿತ್ತು. ಅದರಲ್ಲಿ ಧಾರಾವಾಹಿ ಓಡುತ್ತಿತ್ತು.

"ಇಂಟರ್ನೆಟ್ ಬಂದ್ ಆಗಿದೆಯಲ್ಲೇ?"

"ಕರಿ ಡಬ್ಬಿದು ಬಂದ್ ಅತ್ತೆ. ಬಿಳಿ ಡಬ್ಬಿಗೂ ಅದರದ್ದೇ ವೈಫೈ ಇದೆ, ಅದನ್ನ ಆಫ್ ಮಾಡೋದು ಮರ್ತಿದಾರೆ ನಿಮ್ಮ ಮಗ. ಪಾಸ್‌ವರ್ಡು ಅದರ ತಳದಲ್ಲೇ ಅಂಟಿಸಿದೆ. ಅವರಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ!"

ಹೇಳುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ? ಮರುದಿನವೇ ಬಿಳಿ ಡಬ್ಬಿಯನ್ನು ಮಗುಚಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ನೋಡಿ ಒತ್ತಿಕೊಂಡೆ.

ಅಂದು ಸಂಜೆ ತಂಗಿಯ ರಾಣಿಯನ್ನು ಹೊಡೆದುಹಾಕಿದೆ. ಊಟದ ಹೊತ್ತಾಯಿತು. ಕರಿ ಡಬ್ಬಿಯ ವೈಫೈ ನಿಂತಿತು, ನನ್ನ ಆಟ ನಿಲ್ಲಲಿಲ್ಲ. ಇನ್ನೊಂದೇ ನಡೆ ಬಾಕಿ ಎನ್ನುವಾಗ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಆಟದ ಗಡಿಯಾರದಲ್ಲಿ ನನ್ನ ಟೈಮು ಓಡುತ್ತಿದೆ! ಸೊಸೆಗೆ ಕಣ್ಸನ್ನೆ ಮಾಡಿದೆ; ಪಾಪ, ಅವಳು ತಕ್ಷಣ ಧಾರಾವಾಹಿ ನಿಲ್ಲಿಸಿದಳು. ಆದರೂ ಚಕ್ರ ತಿರುಗುತ್ತಲೇ ಇತ್ತು. ಹಾಗಾದರೆ ಬಿಳಿ ಡಬ್ಬಿಯನ್ನು ಎಳೆಯುತ್ತಿರುವ ಇನ್ನೊಬ್ಬರು ಯಾರು?

ಬಚ್ಚಲಿನೊಳಗಿಂದ ಅದುಮಿದ ದನಿಯೊಂದು ಕೇಳಿಸಿತು: "ಗೋಲ್!"

ಅಯ್ಯೋ ಕಳ್ಳಾ! ಮರೆತದ್ದೂ ಅಲ್ಲ, ಏನೂ ಅಲ್ಲ, ತನಗೆಂದೇ ಉಳಿಸಿಕೊಂಡದ್ದು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಬಾಗಿಲನ್ನು ದಬದಬ ಬಡಿದೆ.

"ಲೋ, ಆ ಮ್ಯಾಚ್ ನಿಲ್ಸೋ! ನನ್ನ ಟೈಮ್ ಹೋಗ್ತಿದೆ!"

ಒಳಗಿಂದ ಬೆಕ್ಕಿನ ಮರಿಯ ದನಿ: "ಯಾವ ಮ್ಯಾಚಮ್ಮಾ?"

"ನಿಲ್ಲಿಸ್ತೀಯೋ, ಬಿಳಿ ಡಬ್ಬಿ ವಿಷಯ ನಿನ್ನ ಹೆಂಡ್ತಿ ಹತ್ರ ಹೇಳ್ಲೋ?"

ಹೆಂಡತಿ ನನ್ನ ಬೆನ್ನ ಹಿಂದೆಯೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಚಕ್ರ ನಿಂತಿತು. ಆನೆಯನ್ನು ಕೊನೆಯ ಸಾಲಿಗೆ ನೂಕಿದೆ. ಚೆಕ್‌ಮೇಟ್!

ಕೂಡಲೇ ಅದೇ ವೈಫೈನಲ್ಲಿ ತಂಗಿಯ ಕರೆ ಬಂತು. ಸೋತವಳ ದನಿ ಕೇಳಲು ಆಸೆಯಿಂದ ಎತ್ತಿದೆ.

"ಇವತ್ತು ನಿಮ್ಮನೇಲಿ ಊಟ ಇಲ್ವೇನೇ ಅಕ್ಕ?"

"ಯಾಕೆ?"

"ನಿನ್ನ ಲೈನು ಕಟ್ಟಾಗ್ಲೇ ಇಲ್ಲ. ಸೋಲ್ತೀನಿ ಅನ್ಸಿದಾಗೆಲ್ಲ ನಾನು ನಡೆ ಇಡದೆ ಸುಮ್ನೆ ಕೂತಿರ್ತಿದ್ದೆ, ನಿಮ್ಮ ಊಟದ ಹೊತ್ತಾಗ್ಲಿ ಅಂತ. ಆ ರೌಟರ್ ತಂದ ನಿನ್ನ ಮಗ ನೂರ್ಕಾಲ ಬಾಳ್ಲಿ ಅಂತ ದಿನಾ ಹರಸ್ತಿದ್ದೆ ಕಣೆ."

"ಮತ್ತೆ ಅಕ್ಕ ಓಡಿಹೋಗ್ತಾಳೆ ಅಂತ ಎಲ್ರ ಹತ್ರಾನೂ ಹೇಳ್ಕೊಂಡು ಬಂದ್ಯಲ್ಲೇ?"

"ಇನ್ನೇನು, ನಾನೇ ಸೋಲ್ತಿದ್ದೆ ಅಂತ ಹೇಳ್ಬೇಕಿತ್ತಾ?"