ಕಾಲಿಗೆ ಯಾರೂ ಹೇಳಿರಲಿಲ್ಲ

ಅಪ್ಪನ ಬೈಕಿನ ಗೇರ್ ಲಿವರಿನ ಬೋಲ್ಟಿಗೆ ಸ್ಪ್ಯಾನರ್ ಕಚ್ಚಿಸಿ ಮಗಳು ಇನ್ನೇನು ತಿರುಗಿಸಬೇಕು, ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು.

"ಏನೇ ಇದು? ಒಳಗೆ ನಿಮ್ಮಪ್ಪನ್ನ ಮಲಗಿಸಿದೀವಿ, ನೀನಿಲ್ಲಿ ಗಾಡಿ ಬಿಚ್ತಾ ಕೂತಿದೀಯಲ್ಲ! ನೋಡಿದವರು ಏನಂದಾರು?"

"ಅನ್ಲಿ ಬಿಡಿ ಅತ್ತೆ. ವ್ಯಾನ್ ಬರೋದು ಮಧ್ಯಾಹ್ನ. ಅಪ್ಪ ಮನೆಯಿಂದ ಹೊರಡೋದರೊಳಗೆ ಇದರಲ್ಲಿ ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗ್ಬೇಕು."

"ಅವನೂ ಗ್ಯಾರೇಜಿನಲ್ಲೇ ಆಯುಸ್ಸು ಕಳೆದ, ನೀನೂ ಹಾಗೇ ಕಳಿ" ಎಂದು ಅತ್ತೆ ಮೂಗೊರೆಸಿಕೊಳ್ಳುತ್ತ ಒಳಗೆ ಹೋದಳು. ತಮ್ಮನನ್ನು ಕಳೆದುಕೊಂಡ ಸಂಕಟಕ್ಕೆ ಯಾರನ್ನಾದರೂ ಬೈಯಬೇಕಿತ್ತು. ಎದುರಿಗೆ ಸಿಕ್ಕವಳು ಮಗಳು.

ಬಿಸಿಲು ಅಂಗಳದ ಮರದಿಂದ ಸೋರಿ ಟ್ಯಾಂಕಿನ ಮೇಲೆ ಅಲುಗುತ್ತಿತ್ತು. ಬಂದವರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಕುರ್ಚಿಗಳನ್ನು ಸದ್ದಾಗದಂತೆ ಎತ್ತಿಡುತ್ತಿದ್ದರು. ಎಲ್ಲವೂ ನೀರಿನೊಳಗೆ ನಡೆಯುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು. ತೆರೆದ ಕಿಟಕಿಯಿಂದ ಅಪ್ಪನ ಪಾದಗಳು ಕಾಣುತ್ತಿದ್ದವು, ಬಿಳಿ ಹೊದಿಕೆಯ ಕೆಳಗೆ ಎರಡು ಸಣ್ಣ ದಿಬ್ಬಗಳಾಗಿ.

ಅವನನ್ನು ಎಲ್ಲರೂ ಗೇರಣ್ಣ ಎಂದೇ ಕರೆಯುತ್ತಿದ್ದರು. ಗೇರ್‌ಬಾಕ್ಸ್ ಕೆಲಸಕ್ಕೆ ಅವನದು ಎತ್ತಿದ ಕೈ. ಊರವರ ಗಾಡಿಗಳನ್ನೆಲ್ಲ ಸರಿಮಾಡಿ ಕಳಿಸಿದವನು ತನ್ನ ಗಾಡಿಯನ್ನು ಮಾತ್ರ "ನಾಳೆ ನೋಡೋಣ" ಎಂದು ಮುಂದಕ್ಕೆ ದೂಡುತ್ತಲೇ ಬಂದ. ಆ ನಾಳೆ ಎಷ್ಟೋ ವರ್ಷ ಬರಲೇ ಇಲ್ಲ.

ಅವನ ಹಳೆಯ ಗೆಳೆಯ, ಪಕ್ಕದ ಬೀದಿಯಲ್ಲಿ ಲೇತ್ ನಡೆಸುವವನು, ಮಗುವಾಗಿದ್ದಾಗಿಂದ ಅವಳಿಗೆ ಲೇತ್ ಮಾವ. ಅವನು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಬೆಳಿಗ್ಗೆ ನಾನೇ ಒಂದು ಸುತ್ತು ಹೊಡ್ಕೊಂಡು ಬಂದೆ ಮಗಾ. ಬೆಣ್ಣೆ ಥರ ಹೋಗುತ್ತೆ."

"ನಾನು ಓಡಿಸಿದ್ರೂ ಹಾಗೇ ಹೋಗುತ್ತೆ ಮಾವ. ಅಪ್ಪ ಕೂತ್ರೆ ಮಾತ್ರ ಮುಗ್ಗರಿಸ್ತಿತ್ತು."

"ಹಾಗಾದ್ರೆ ಅವನನ್ನೇ ಕೇಳ್ಬೇಕು..." ಎಂದವನು ನಾಲಿಗೆ ಕಚ್ಚಿಕೊಂಡ. ಇಬ್ಬರೂ ಕಿಟಕಿಯ ಕಡೆ ನೋಡಿದರು.

* * *

ಅಪ್ಪನ ಎಡಗೈ ಬಲ ಕಳೆದುಕೊಂಡದ್ದು ನಿಧಾನವಾಗಿ. ಮೊದಲು ಲೋಟ ಜಾರಿತು, ಆಮೇಲೆ ಸ್ಪ್ಯಾನರ್. ಕೊನೆಗೊಂದು ದಿನ ಕ್ಲಚ್ ಹಿಡಿಯಲಾಗದೆ ಅಪ್ಪ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು, ದೂಡಿಕೊಂಡೇ ಮನೆಗೆ ಬಂದ. ಅವತ್ತು ಊಟ ಮಾಡಲಿಲ್ಲ.

ಮಗಳು ಗಾಡಿಯನ್ನು ತನ್ನ ಗ್ಯಾರೇಜಿಗೆ ಒಯ್ದಳು. ಎಂಜಿನ್ ಬಿಚ್ಚಿ, ಹಲ್ಲು ಸವೆದಿದ್ದ ಎರಡನೇ ಗೇರನ್ನು ಬದಲಿಸಿದಳು. ಆಮೇಲೆ ರೇಸಿನ ಗಾಡಿಗಳಿಗೆ ಹಾಕುವ ಕ್ವಿಕ್‌ಶಿಫ್ಟರನ್ನು ಆ ಮುದಿ ಗಾಡಿಗೆ ಕೂಡಿಸಿದಳು. ಕಾಲು ಲಿವರನ್ನು ಮೇಲಕ್ಕೆ ಒತ್ತಿದ ಕೂಡಲೇ ಒಂದು ಪುಟ್ಟ ಸೆನ್ಸರ್ ಎಂಜಿನ್ನಿನ ಕಿಡಿಯನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯುತ್ತದೆ; ಆ ಸಂದಿನಲ್ಲಿ ಗೇರು ಸರಕ್ಕನೆ ಕೂರುತ್ತದೆ. ಹೊರಡುವಾಗ, ನಿಲ್ಲುವಾಗ ಒಮ್ಮೆ ಕ್ಲಚ್ ಹಿಡಿದರೆ ಸಾಕು; ಗೇರು ಏರಿಸಲು ಆ ಗೋಜೇ ಇಲ್ಲ.

ಅಪ್ಪ ಒಂದು ಸುತ್ತು ಹೋಗಿ ಬಂದ. ಅವಳು ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಹೇಗಿದೆಯಪ್ಪ?"

"ಚೆನ್ನಾಗಿದೆ. ಎರಡನೇ ಗೇರಲ್ಲಿ ಮಾತ್ರ ಒಂದೊಂದ್ಸಲ ಉಸಿರು ಕಟ್ಟುತ್ತೆ."

ಅವಳು ವೈರು ಬದಲಿಸಿದಳು. ಸೆನ್ಸರ್ ಬದಲಿಸಿದಳು. ಕಿಡಿ ತಡೆಯುವ ಹೊತ್ತನ್ನು ಕೂದಲೆಳೆಯಷ್ಟು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು. ತಾನು ಓಡಿಸಿ ನೋಡಿದಾಗೆಲ್ಲ ಸರಿ. ಅಪ್ಪ ಹೋಗಿ ಬಂದರೆ ಅದೇ ಮಾತು. ಕೊನೆಗೊಮ್ಮೆ ಅವನೇ ಅವಳ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಹೇಳಿದ: "ಇರ್ಲಿ ಬಿಡು. ಇನ್ನು ಬಿಚ್ಚಬೇಡ."

ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗ್ಯಾರೇಜಿನಲ್ಲಿ ಯಾರಾದರೂ ಕೆಲಸ ಕೆಡಿಸಿದರೆ ಅಪ್ಪ ಬೈಯುತ್ತಿರಲಿಲ್ಲ; "ಇರ್ಲಿ ಬಿಡು" ಎಂದು ಅವರನ್ನು ಕಳಿಸಿ, ಆಮೇಲೆ ತಾನೇ ಕೂತು ಸರಿಮಾಡುತ್ತಿದ್ದ. ಅವನಿಂದ ಕೆಲಸ ಕಲಿತು, ಅವನಿಗೆಂದೇ ಮಾಡಿದ ಒಂದು ಕೆಲಸಕ್ಕೆ ಅವಳಿಗೆ ಸಿಕ್ಕಿದ್ದು ಅದೇ ಮಾತು. ಅಂದಿನಿಂದ ಅದು ಮುಳ್ಳಿನಂತೆ ಎದೆಯಲ್ಲಿ ಉಳಿದುಬಿಟ್ಟಿತ್ತು.

* * *

ಅಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅಪ್ಪನ ಬೂಟುಗಳಿದ್ದವು.

"ಬೂಟು ಹಾಕಿ ಕಳಿಸೋಣ್ವಾ ಅಂತ ಅತ್ತೆ ಕೇಳ್ತಿದಾರೆ. ಧೂಳಾಗಿದೆ, ಒರೆಸ್ತೀಯಾ?"

ಮಗಳು ಎಡಗಾಲಿನ ಬೂಟನ್ನು ಬೆಳಕಿಗೆ ಹಿಡಿದಳು. ಗಾಡಿ ಓಡಿಸುವವರೆಲ್ಲರ ಎಡ ಬೂಟಿನ ಮೇಲೆ ಗೇರಿನ ಕಲೆ ಇದ್ದೇ ಇರುತ್ತದೆ. ಇದು ಕಲೆಯಲ್ಲ, ಹಳ್ಳ. ಹೆಬ್ಬೆರಳು ಇಟ್ಟರೆ ಹೂತುಕೊಳ್ಳುವಷ್ಟು ಆಳ.

"ಅಮ್ಮಾ, ಬರೀ ಗೇರ್ ಹಾಕಿದ್ರೆ ಹೀಗೆ ಸವೆಯಲ್ಲ."

"ಹಾಕಿದ ಮೇಲೆ ಕಾಲು ತೆಗೀತಿದ್ರೆ ತಾನೆ?" ಅಮ್ಮ ಮೆಟ್ಟಿಲ ಮೇಲೆ ಕೂತಳು. "ಮೊದಲೆಲ್ಲ ಎರಡನೇ ಗೇರು ನಿಲ್ತಾನೇ ಇರ್ಲಿಲ್ಲ. ಟಪ್ ಅಂತ ಬಿಟ್ಕೊಂಡು ಗಾಡಿ ಎಗರ್ತಿತ್ತು. ಹಿಂದೆ ಕೂತ ನನಗೆ ಜೀವ ಬಾಯಿಗೆ ಬರ್ತಿತ್ತು, ಅವರ ಅಂಗಿ ಮುಷ್ಟೀಲಿ ಹಿಡ್ಕೊಂಡುಬಿಡ್ತಿದ್ದೆ. ಅದಕ್ಕೆ ಅವರು ಲಿವರನ್ನ ಕಾಲ್ಬೆರಳಲ್ಲಿ ಮೇಲಕ್ಕೆ ಎತ್ತಿ ಹಿಡಿದೇ ಓಡಿಸೋರು. ಗೇರು ಬಿಟ್ಕೊಳ್ದೇ ಇರ್ಲಿ ಅಂತ."

ಲೇತ್ ಮಾವ ಮೆಲ್ಲಗೆ ಎದ್ದು ನಿಂತ.

ಮಗಳು ಅಪ್ಪನ ಬೂಟುಗಳನ್ನು ಹಾಕಿಕೊಂಡು ದಾರ ಬಿಗಿದಳು. ದೊಡ್ಡವಾದವು, ಆದರೂ ನಿಂತವು. ಗಾಡಿ ಹತ್ತಿ ಖಾಲಿ ಬೀದಿಗೆ ತೆಗೆದಳು. ಎರಡನೇ ಗೇರು ಹಾಕಿ, ಕಾಲನ್ನು ತೆಗೆಯದೆ ಬೂಟಿನ ಹಳ್ಳದಲ್ಲಿ ಲಿವರನ್ನು ಕೂರಿಸಿಕೊಂಡು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದಳು. ಎಂಜಿನ್ ಉಸಿರು ಕಟ್ಟಿ ಮುಗ್ಗರಿಸಿತು. ಬಿಟ್ಟು ಮತ್ತೆ ಒತ್ತಿದಳು. ಮತ್ತೆ ಮುಗ್ಗರಿಸಿತು.

ಲಿವರ್ ಒತ್ತಿದಾಗಲೆಲ್ಲ ಕಿಡಿ ತಡೆಯುತ್ತ ಸೆನ್ಸರ್ ತನ್ನ ಕೆಲಸವನ್ನೇ ಮಾಡುತ್ತಿತ್ತು. ಗೇರು ವಾಸಿಯಾಗಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ.

ಅಂಗಳಕ್ಕೆ ಮರಳುವಾಗ ಅವಳು ಬಿಕ್ಕಳಿಸಿ ಅಳುತ್ತಿದ್ದಳು, ಬೆಳಗಿನಿಂದ ಮೊದಲ ಸಲ. "ಸಿಕ್ತು ಅಮ್ಮಾ. ಅಪ್ಪನ ಕಾಲು. ಅಪ್ಪನಿಗೆ ಗೊತ್ತೇ ಆಗ್ಲಿಲ್ಲ. ನನ್ನ ಕೆಲಸ ಸರಿ ಇಲ್ಲ ಅಂದ್ಕೊಂಡೇ ಹೋದ."

"ಅಯ್ಯೋ ಹುಚ್ಚಿ, ಅವರಿಗೆ ಗೊತ್ತಿತ್ತು ಕಣೇ" ಎಂದಳು ಅಮ್ಮ.

* * *

ಅಪ್ಪನಿಗೆ ಅದು ಹೊಳೆದದ್ದು ಮಗಳ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡ ಹಿಂದಿನ ದಿನ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸಂತೆಯಿಂದ ಬರುವಾಗ ಗಾಡಿ ನಿಲ್ಲಿಸಿ, ತನ್ನ ಎಡಗಾಲನ್ನೇ ನೋಡುತ್ತ ನಕ್ಕುಬಿಟ್ಟಿದ್ದ.

"ಮಗಳ ಕೆಲಸ ಅಚ್ಚುಕಟ್ಟಾಗಿದೆ ಕಣೇ. ಸರಿ ಇಲ್ಲದ್ದು ನನ್ನ ಕಾಲು."

"ಅವಳಿಗೆ ಹೇಳಿ ಮತ್ತೆ."

"ಹೇಳಿದ್ರೆ ನನ್ನ ಕಾಲಿಗೆ ತಕ್ಕ ಹಾಗೆ ಆ ಸೆನ್ಸರನ್ನ ಮಂದ ಮಾಡಿಡ್ತಾಳೆ. ಅಷ್ಟು ಚೆನ್ನಾಗಿ ಕೂಡಿಸಿದಾಳೆ, ಕೆಡಿಸೋದು ಬೇಡ. ಕಾಲಿಗೇ ಬುದ್ಧಿ ಕಲಿಸ್ತೀನಿ. ಕಲಿತ ಮೇಲೆ ಅವಳೆದುರಿಗೇ ಓಡಿಸ್ತೀನಿ, ನೀನು ಬಾಯಿ ಬಿಡಬೇಡ."

ಆಮೇಲೆ ದಿನಾ ಸಂಜೆ, ಮಗಳು ಗ್ಯಾರೇಜಿನಿಂದ ಬರುವ ಮೊದಲು, ಅಂಗಳದಲ್ಲಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಚಾಲೂ ಮಾಡದೆ ಅದರ ಮೇಲೆ ಕೂರುತ್ತಿದ್ದ. ಲಿವರ್ ಎತ್ತುವುದು, ಕಾಲನ್ನು ತಂದು ಫುಟ್‌ರೆಸ್ಟಿನ ಮೇಲಿಡುವುದು. ಕಾಲು ತಂತಾನೇ ಲಿವರಿನ ಕಡೆ ಹೋಗುತ್ತಿತ್ತು. "ಏಯ್, ಎಲ್ಲಿಗೆ? ಇಲ್ಲಿ ಕೂರು" ಎಂದು ಅದನ್ನು ಮಗುವಿನಂತೆ ಗದರುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನಿನ್ನೆ ಸಂಜೆಯೂ ಕೂತಿದ್ದ. ಚಹಾ ಆಯಿತೆಂದು ಅಮ್ಮ ಕೂಗಿದಳು.

"ಬಂದೆ. ಇವತ್ತು ಮಾತು ಕೇಳ್ತಿದೆ ಕಣೇ."

ಚಹಾ ಆರಿತು. ಅಮ್ಮ ಹೊರಗೆ ಬಂದು ನೋಡಿದಾಗ ಅವನು ಟ್ಯಾಂಕಿನ ಮೇಲೆ ತಲೆಯಿಟ್ಟು ಮಲಗಿದ್ದ, ದೂರದ ಸವಾರಿಯಲ್ಲಿ ನಿದ್ದೆ ಹತ್ತಿದವನ ಹಾಗೆ. ಎಡಗಾಲು ಇರಬೇಕಾದ ಕಡೆ, ಫುಟ್‌ರೆಸ್ಟಿನ ಮೇಲೆ ಇತ್ತು.

* * *

ವ್ಯಾನ್ ಬಂತು. ಬೂಟಿಲ್ಲದೆ ಅಪ್ಪನನ್ನು ಹತ್ತಿಸಿದರು. ಬೂಟು ಮಗಳ ಕಾಲಿನಲ್ಲಿದ್ದುದನ್ನು ನೋಡಿದ ಅತ್ತೆ ಬಗ್ಗಿ, ಸಡಿಲವಾಗಿದ್ದ ಒಂದು ದಾರವನ್ನು ತಾನೇ ಕಟ್ಟಿದಳು.

"ನೀನು ಮುಂದೆ ಡ್ರೈವರ್ ಪಕ್ಕ ಕೂರಮ್ಮ" ಎಂದ ಲೇತ್ ಮಾವ, ಅಮ್ಮನಿಗೆ.

"ಬೇಡಣ್ಣ. ಅವರ ಜೊತೆ ಯಾವತ್ತು ಹೊರಟರೂ ನಾನು ಈ ಗಾಡಿ ಮೇಲೆ ಹಿಂದೆ ಕೂತೇ ಹೋದವಳು. ಇವತ್ತೂ ಹಾಗೇ ಹೋಗ್ತೀನಿ."

ಮಗಳು ಗಾಡಿ ಚಾಲೂ ಮಾಡಿದಳು. ಅಮ್ಮ ಹಿಂದೆ ಹತ್ತಿ ಕೂತಳು. ವ್ಯಾನ್ ಹೊರಟಿತು, ಅದರ ಹಿಂದೆ ಗಾಡಿ ಗೇಟು ದಾಟಿತು. ಎರಡನೇ ಗೇರಿಗೆ ಕಾಲು ಎತ್ತುವ ಮೊದಲೇ ಅಮ್ಮನ ಮುಷ್ಟಿ ಅವಳ ಅಂಗಿಯ ಬದಿಯನ್ನು ಬಿಗಿಯಾಗಿ ಹಿಡಿಯಿತು. ಮಗಳು ಲಿವರ್ ಎತ್ತಿದಳು. ಆಮೇಲೆ ಅಪ್ಪನ ಬೂಟಿನ ಕಾಲನ್ನು ಮೆಲ್ಲಗೆ ತಂದು ಫುಟ್‌ರೆಸ್ಟಿನ ಮೇಲಿಟ್ಟಳು.

ಎಂಜಿನ್ ಮುಗ್ಗರಿಸಲಿಲ್ಲ. ಮುಂದೆ ವ್ಯಾನಿನ ಹಿಂಬದಿಯ ಗಾಜಿನಲ್ಲಿ ಮರಗಳೂ ಆಕಾಶವೂ ಹಿಂದಕ್ಕೆ ಹರಿಯುತ್ತಿದ್ದವು. ಮೂರನೇ ಗೇರು ಕೂತದ್ದು ಗೊತ್ತೇ ಆಗಲಿಲ್ಲ.

ಮುಷ್ಟಿ ಹಾಗೇ ಇತ್ತು. ಬೀದಿ ಮುಗಿದು, ತಿರುವು ಕಳೆದು, ದೊಡ್ಡ ರಸ್ತೆ ಸಿಕ್ಕಿತು. ಆಗ ಬೆರಳುಗಳು ಒಂದೊಂದಾಗಿ ಸಡಿಲವಾದವು. ಅಮ್ಮನ ಅಂಗೈ ಅಂಗಿಯ ಮೇಲೆ ಮೂಡಿದ್ದ ಸುಕ್ಕನ್ನು ನಿಧಾನವಾಗಿ ಸವರಿ ಸವರಿ ಸರಿಮಾಡತೊಡಗಿತು.