ಕೈಗವಸು ತೊಡಿಸಿದವನು

“ತಲೆಕಡೆ ತಗ್ಗಿಸ್ಬೇಡ ವರ್ನ್, ಡೆಲ್ಬರ್ಟ್ ಜಾರಿ ಬಂದಾನು!”

“ನಲವತ್ತು ವರ್ಷದಲ್ಲಿ ಒಂದಿನಾನೂ ನನ್ನ ಮಾತು ಕೇಳಿದವನಲ್ಲ. ಈಗ ಜಾರೋ ಅಂದ್ರೂ ಜಾರಲ್ಲ ಬಿಡು.”

ಆರು ಮುದುಕರು ಶವಪೆಟ್ಟಿಗೆ ಹೊತ್ತು ಮೊಹಾವೆ ಮರುಭೂಮಿಯ ಗಾಳಿಗೆ ಎದುರಾಗಿ ತಡವರಿಸುತ್ತ ನಡೆದಿದ್ದರು. ಹಿಂದೆ ಮಗಳು ಲೊರೀನ್. ಅವಳ ಅಪ್ಪ ಡೆಲ್ಬರ್ಟ್ ಸ್ಟ್ರೌಡ್ ಲ್ಯಾಂಕಾಸ್ಟರ್ ಊರಿಗೆಲ್ಲ ಹೊಲಿಗೆ ಯಂತ್ರ ರಿಪೇರಿಯವನು. ಅದಕ್ಕೂ ಮುಂಚೆ ಅವನು ವಾಯುನೆಲೆಯಲ್ಲಿ ರಾಕೆಟ್ ವಿಮಾನದ ಪೈಲಟ್‌ಗಳಿಗೆ, ಗಾಳಿ ಇಲ್ಲದ ಎತ್ತರದಲ್ಲಿ ಜೀವ ಉಳಿಸುವ ಒತ್ತಡದ ಉಡುಪು ಹೊಲಿದು ತೊಡಿಸುತ್ತಿದ್ದ ಎಂಬುದು ಜೊತೆಗೆ ದುಡಿದ ಈ ಆರು ಜನಕ್ಕಷ್ಟೇ ನೆನಪು.

“ಇವತ್ತು ಬಾಹ್ಯಾಕಾಶಕ್ಕೆ ಹೋಗುವವರ ಉಡುಪಿನಲ್ಲೂ ಡೆಲ್ಬರ್ಟನ ಒಂದು ಹೊಲಿಗೆ ಇದ್ದೇ ಇದೆ,” ಎಂದರು ಆ ಮುದುಕರಿಂದ ಕೇಳಿ ತಿಳಿದಿದ್ದ ಪಾದ್ರಿ, ಗುಂಡಿಯ ಬದಿ ನಿಂತು.

ಎಲ್ಲರಿಗಿಂತ ಹಿಂದೆ ಬಿಳಿಗೂದಲ ಹೆಂಗಸೊಬ್ಬಳು ನಿಂತಿದ್ದಳು. ವರ್ನ್ ಲೊರೀನಳ ಕಿವಿಯಲ್ಲಿ ಹೇಳಿದ: “ಅಡೆಲ್ ಬ್ರಾಂಟ್. ಸತ್ತುಹೋದ ಪೈಲಟ್ ಹಾಲಿಸ್ ಹೆಂಡ್ತಿ. ಇವಳು ಎದುರಿಗೆ ಬಂದ್ರೆ ನಿಮ್ಮಪ್ಪ ರಸ್ತೆ ದಾಟಿ ಆಚೆ ಹೋಗ್ಬಿಡ್ತಿದ್ದ.”

ಯಾಕೆಂದು ಲೊರೀನಳಿಗೆ ಗೊತ್ತಾಗಿ ಒಂಬತ್ತು ದಿನವಾಗಿತ್ತು.

*

ಆಸ್ಪತ್ರೆಯಲ್ಲಿ ಅಪ್ಪ ಗೋಡೆ ನೋಡುತ್ತ ಹೇಳಿದ್ದ. ಸಾವಿರದ ಒಂಬೈನೂರ ಅರವತ್ನಾಲ್ಕರ ಅಕ್ಟೋಬರ್. ಬೆಳಗಿನ ಏಳು ಗಂಟೆ. ಹಾಲಿಸ್‌ಗೆ ಕೈಗವಸು ತೊಡಿಸುವ ಮುಂಚೆ ಡೆಲ್ಬರ್ಟ್ ವಾಡಿಕೆಯಂತೆ ಒಂದೊಂದೇ ಬೆರಳ ತುದಿ ಹಿಂಡಿದ. ಬಲಗೈಯ ಎರಡು ಬೆರಳಿಗೆ ಅರಿವೇ ಇರಲಿಲ್ಲ.

“ಕುದುರೆಯಿಂದ ಬಿದ್ದೆ ಕಣೋ. ಡಾಕ್ಟರ್‌ಗೆ ಹೇಳಿದ್ರೆ ಹಾರೋದು ಬಿಡಿಸಿ ನನ್ನನ್ನ ಮೇಜಿನ ಮುಂದೆ ಕೂರಿಸ್ತಾರೆ. ಇದೊಂದು ಸಲ, ಡೆಲ್,” ಎಂದ ಹಾಲಿಸ್.

ಡೆಲ್ಬರ್ಟ್ ಗವಸು ತೊಡಿಸಿ ಮಣಿಕಟ್ಟಿನ ಲೋಹದ ಉಂಗುರ ತಿರುಗಿಸಿ ಬಿಗಿದ. ದೊಡ್ಡ ವಿಮಾನದ ರೆಕ್ಕೆಯಡಿಯಿಂದ ಕಳಚಿದ ಹಾಲಿಸ್‌ನ ಕಪ್ಪು ರಾಕೆಟ್ ವಿಮಾನ ಒಂದೂವರೆ ನಿಮಿಷ ಉರಿದು ಆಕಾಶದ ಅಂಚು ಮುಟ್ಟಿತು. ಮರಳಿ ಇಳಿಯುವಾಗ ಬಲಗೈ ಹಿಡಿಯಬೇಕಿದ್ದ ಹಿಡಿಕೆ ಹತೋಟಿಗೆ ಬರಲಿಲ್ಲ. ಚೂರುಗಳು ಎಂಟು ಮೈಲಿ ಉದ್ದಕ್ಕೆ ಬಿದ್ದಿದ್ದವು. ಮುಂದಿನ ವಾರವೇ ಅಪ್ಪ ಕೆಲಸ ಬಿಟ್ಟ.

ಚಳಿಗಾಲದಲ್ಲಿ ಶಾಲೆಗೆ ಹೊರಟ ಮಗಳ ಹತ್ತು ಬೆರಳನ್ನೂ ಹಿಂಡಿ, “ಗೊತ್ತಾಯ್ತಾ? ಇದು? ಇದು?” ಎಂದು ಅಪ್ಪ ಕೇಳುತ್ತಿದ್ದ. ಅದು ಆಟವೆಂದೇ ಲೊರೀನ್ ನಗುತ್ತಿದ್ದಳು.

“ಅಡೆಲ್‌ಗೆ ನೀನೇ ಹೇಳ್ಬಿಡು,” ಎಂದಿದ್ದ ಕೊನೆಗೆ. “ನನ್ನ ಕೈಲಿ ಆಗ್ಲಿಲ್ಲ.”

*

ಮಣ್ಣು ಹಾಕಿದ್ದಾಯಿತು. ಲೊರೀನ್ ಅಡೆಲ್ ಎದುರು ಹೋಗಿ ನಿಂತು, ಒಂದೇ ಸಮನೆ ಎಲ್ಲ ಹೇಳಿಬಿಟ್ಟಳು.

ಅಡೆಲ್ ಅಳಲಿಲ್ಲ, ಸಿಟ್ಟಾಗಲಿಲ್ಲ. “ನನಗೆ ಗೊತ್ತಿತ್ತಮ್ಮಾ,” ಎಂದಳು.

“ಅಪ್ಪನ ವಿಷಯಾನಾ?”

“ಬೆರಳಿನ ವಿಷಯ. ಎರಡು ವಾರ ಹಾಲಿಸ್ ಅಂಗಿ ಗುಂಡಿ ಹಾಕಿದ್ದು ನಾನೇ. ಯಾರಿಗೂ ಹೇಳಲ್ಲ ಅಂತ ನನ್ನ ಹತ್ರಾನೂ ಮಾತು ತಗೊಂಡಿದ್ದ.”

ಲೊರೀನ್ ಒಂದು ಹೆಜ್ಜೆ ಮುಂದಿಟ್ಟಳು. “ಮತ್ತೆ ಅಪ್ಪನಿಗೆ ಹೇಳ್ಬಹುದಿತ್ತಲ್ಲ ನೀವು! ಒಂದೇ ಒಂದು ಸಲ...”

“ನಿಮ್ಮಪ್ಪ ರಸ್ತೆ ದಾಟೋದು ನೋಡ್ತಿದ್ದೆ. ಗವಸು ತೊಡಿಸಿದವನು, ಗೊತ್ತಾಗದೆ ಇರುತ್ತಾ ಅಂದ್ಕೋತಿದ್ದೆ. ಕೂಗಿದ್ರೆ ಸಾಕಿತ್ತು.” ಅಡೆಲ್ ಕೋಟಿನ ಕಾಲರು ಎಳೆದುಕೊಂಡಳು. “ಅವನು ದಾಟಿ ಹೋದ ದಿನ, ತಪ್ಪೆಲ್ಲ ಅವನೊಬ್ಬನೇ ಹೊತ್ಕೊಂಡ ಅನ್ನಿಸಿ ನನಗೆ ಚೆನ್ನಾಗಿ ನಿದ್ದೆ ಬರ್ತಿತ್ತು. ಅದಕ್ಕೇ ಕೂಗ್ಲಿಲ್ಲ.”

ಲೊರೀನಳಿಗೆ ಅವಳನ್ನು ಹಿಡಿದು ಅಲುಗಾಡಿಸಬೇಕು ಅನಿಸಿತು. ಅಷ್ಟರಲ್ಲಿ ವಾಯುನೆಲೆಯ ಕಡೆಯಿಂದ, ಶಬ್ದಕ್ಕಿಂತ ವೇಗವಾಗಿ ಹಾರಿದ ಯಾವುದೋ ವಿಮಾನದ ಜೋಡಿ ಸಿಡಿತ ನೆಲವನ್ನು ನಡುಗಿಸಿತು. ಆ ಕಾಲದಲ್ಲಿ ಹೆಂಡತಿಯರು ಕೈಗೆಲಸ ಬಿಟ್ಟು ಕಾಯುತ್ತಿದ್ದದ್ದು ಈ ಸದ್ದಿಗೇ. ಕೇಳಿಸಿತೆಂದರೆ ಗಂಡ ತಲೆಯ ಮೇಲೆ ಬಂದ, ಇನ್ನು ಇಳಿಯುತ್ತಾನೆ ಎಂದರ್ಥ.

ಆರು ಮುದುಕರೂ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಅಡೆಲ್ ತಲೆ ಎತ್ತಲಿಲ್ಲ. ಸದ್ದು ಬೆಟ್ಟಕ್ಕೆ ಬಡಿದು ಅಡಗಿ, ಮುದುಕರು ಕಾರಿನತ್ತ ಹೊರಟ ಮೇಲೂ ಆಕೆ ಕಣ್ಣು ಮುಚ್ಚಿ, ಕತ್ತು ತುಸು ವಾಲಿಸಿ, ಕಿವಿಗೊಟ್ಟು ನಿಂತೇ ಇದ್ದಳು.